ಹನ್ನೊಂದು ಹೆಸರಿಗೆ ಒಂದು ತೋಳು

ಹುಣಸೂರಿನ ನರ್ಸಿಂಗ್ ಹೋಮಿನಲ್ಲಿ ನನ್ನ ಮಾರ್ಕ್ಸ್ ಕಾರ್ಡನ್ನು ಯಾರೂ ಬಿಡಿಸಿ ನೋಡಲಿಲ್ಲ. ಪಿಯುಸಿ ಸೈನ್ಸ್, ಅರವತ್ತೊಂದು ಪರ್ಸೆಂಟ್. ಕಾಡಿನಂಚಿನ ನಮ್ಮ ಆದಿವಾಸಿ ಹಾಡಿಯಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಬೇಸಿಗೆ ಎರಡು ತಿಂಗಳು ಏನಾದರೂ ಕೆಲಸ ಕೊಡಿ, ಬಿಪಿ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿಯುತ್ತೇನೆ, ಮುಂದೆ ನರ್ಸಿಂಗ್ ಓದಬೇಕು ಅಂತ ಕೇಳಿದೆ. ಕೌಂಟರಿನಲ್ಲಿ ಕೂತಿದ್ದ ಹೆಂಗಸು ಯಾವ ಊರು ಅಂದಳು. ಅಂತರಸಂತೆ ಹತ್ತಿರದ ಹಾಡಿ ಅಂದೆ. ಅವಳು ಒಳಗೆ ಹೋಗಿ ನೆಲ ಒರೆಸುವ ಕೋಲು ತಂದು ಕೈಗೆ ಕೊಟ್ಟಳು. ಹೆರಿಗೆ ವಾರ್ಡಿನಿಂದ ಶುರು ಮಾಡು ಅಂದಳು.

ಆ ಒಂದು ದಿನ ಒರೆಸಿದೆ. ರಕ್ತ, ನೀರು, ಹತ್ತಿ. ಫಿನಾಯಿಲ್ ನೀರಿನ ಬಕೆಟ್ ಹೊತ್ತು ಮೆಟ್ಟಿಲು ಹತ್ತಿ ಇಳಿದೆ. ನೆಲ ಒರೆಸುವುದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ನಮ್ಮವ್ವ ಕೊಡಗಿನ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಗೊಬ್ಬರ ಹೊತ್ತವಳು. ಆದರೆ ಅದೇ ಬೆಳಿಗ್ಗೆ ನನ್ನ ಜೊತೆ ಕೆಲಸ ಕೇಳಲು ಬಂದಿದ್ದ ಹುಡುಗಿ ಪಿಯುಸಿ ಫೇಲಾಗಿದ್ದಳು. ಅವಳಿಗೆ ಬಿಳಿ ಕೋಟು ಕೊಟ್ಟರು, ನನಗೆ ಕೋಲು ಕೊಟ್ಟರು. ಸಂಜೆ ಕೋಲನ್ನು ಬಾಗಿಲಿಗೆ ಒರಗಿಸಿ ಬಸ್ಸು ಹತ್ತಿದೆ.

ಪಿರಿಯಾಪಟ್ಟಣದ ಮೆಡಿಕಲ್ ಸ್ಟೋರಿನವನು ನನ್ನ ಮುಖವನ್ನೇ ನೋಡುತ್ತಾ, ಕೌಂಟರಿನಲ್ಲಿ ಲಕ್ಷಣವಾಗಿರುವವರು ಬೇಕಮ್ಮ ಅಂದ. ಕೆ.ಆರ್. ನಗರದ ಲ್ಯಾಬಿನವನು ರಮ್ಯಶ್ರೀ ಅನ್ನುವ ಹೆಸರು ಕೇಳಿ ಕೂರಲು ಕುರ್ಚಿ ಕೊಟ್ಟ. ಆ ಹೆಸರು ನನಗೆ ಇಟ್ಟಿದ್ದು ಅಂಗನವಾಡಿ ಟೀಚರು. ಜಾತಿ ಸರ್ಟಿಫಿಕೇಟ್ ಅವನ ಕೈಗೆ ಬಂದ ಮೇಲೆ ಆ ಕುರ್ಚಿ ಬೇರೆ ಯಾರಿಗೋ ಬೇಕಾಯಿತು.

ಎಚ್.ಡಿ. ಕೋಟೆಯಲ್ಲಿ ಮಾತ್ರ ನನ್ನನ್ನು ಕಂಡು ಒಬ್ಬ ಮನುಷ್ಯ ಎದ್ದು ನಿಂತ. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆಯೊಂದರಲ್ಲಿ ಆರೋಗ್ಯ ಸಂಸ್ಥೆಯ ಆಫೀಸು. ಎದ್ದವರು ಅಲ್ಲಿನ ಮೇಲ್ವಿಚಾರಕ ಚೆಲುವರಾಜು. ಬಿಳಿ ಅಂಗಿ, ಮೆತ್ತನೆಯ ಮಾತು. ಹಾಡಿ ಹಾಡಿಗೂ ಹೋಗಿ ರಕ್ತ ಪರೀಕ್ಷೆ ಮಾಡುತ್ತಿದ್ದೇವೆ, ಹಾಡಿಯವರ ಜೊತೆ ಮಾತಾಡಲು ಹಾಡಿಯವರೇ ಬೇಕು ಅಂದರು. ಬೇಸಿಗೆ ಪೂರ್ತಿ ಕೆಲಸ ಮಾಡಿದರೆ ಒಂದು ಪತ್ರ ಕೊಡುತ್ತೇವೆ, ಆ ಪತ್ರ ಇದ್ದವರಿಗೆ ಮೈಸೂರಿನ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಖಾತ್ರಿ ಅಂದರು. ನನಗೆ ಕಣ್ಣೀರು ಬಂತು. ಈಗ ನೆನೆಸಿಕೊಂಡರೆ ಆ ಕಣ್ಣೀರಿನ ಮೇಲೆ ಸಿಟ್ಟು ಬರುತ್ತದೆ.

ಎರಡು ದಿನ ತರಬೇತಿ ಕೊಟ್ಟರು. ಕಾಯಿಲೆಯ ಹೆಸರು ಸಿಕಲ್ ಸೆಲ್. ದುಂಡಗಿರಬೇಕಾದ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ನರದೊಳಗೆ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಬೆನ್ನು, ಎದೆ ಸೆಳೆಯುತ್ತದೆ. ಕಣ್ಣು ಹಳದಿಯಾಗುತ್ತದೆ. ಹುಟ್ಟಿನಿಂದ ಬರುವ ಕಾಯಿಲೆ, ಕಾಡಿನ ಜನರಲ್ಲಿ ಹೆಚ್ಚು. ಅವರು ಹೇಳುತ್ತಾ ಹೋದಂತೆ ನನಗೆ ಕಂಡಿದ್ದು ನಮ್ಮಕ್ಕ ಭಾಗ್ಯಮ್ಮ. ಚಿಕ್ಕಂದಿನಿಂದ ಚಳಿ ಬಂದರೆ ಮೂಲೆಯಲ್ಲಿ ಮುದುರಿ ನರಳುವವಳು. ಅವ್ವ ಸೊಪ್ಪು ಅರೆದು ಕಟ್ಟುತ್ತಿದ್ದಳು. ಊರಿನವರು ಸೋಮಾರಿ ಅನ್ನುತ್ತಿದ್ದರು. ಮದುವೆಯಾದ ಮೇಲೆ ಭಾವನೂ ಅಂದ. ನಾನು ಈ ಕೆಲಸಕ್ಕೆ ಸೇರಿದ್ದು ಸೀಟಿಗಾಗಿ. ಆದರೆ ಆ ದಿನದಿಂದ ಅಕ್ಕನ ರಕ್ತ ಪರೀಕ್ಷೆ ಮಾಡಿಸಲೇಬೇಕು ಅನ್ನುವುದೂ ಸೇರಿಕೊಂಡಿತು.

ಕೊನೆಗೆ ನಾನು ಮಾಡಿದ್ದೇನು ಗೊತ್ತಾ?

ಏಪ್ರಿಲ್ ಕೊನೆಗೆ ನಮ್ಮ ಕಲ್ಲುಮಂಟಿ ಹಾಡಿಗೆ ಜೀಪು ಬಂತು. ರಕ್ತ ತೆಗೆಯುವವನು ಯತೀಶ್, ಹುಣಸೂರಿನವನು, ನನಗಿಂತ ಐದಾರು ವರ್ಷ ದೊಡ್ಡವನು. ಅವನ ಲಿಸ್ಟಿನಲ್ಲಿ ಅರವತ್ತೆಂಟು ಹೆಸರಿತ್ತು. ಹಾಡಿಯಲ್ಲಿ ಇದ್ದವರು ಹತ್ತೊಂಬತ್ತು ಜನ. ಉಳಿದವರೆಲ್ಲ ಕೊಡಗಿನಲ್ಲಿ, ಮೆಣಸು ಕೊಯ್ಯಲು, ನೆರಳು ಮರದ ಕೊಂಬೆ ಸವರುವ ಮರಕಸಿಗೆ. ಇದು ಆಫೀಸಿನವರಿಗೆ ಗೊತ್ತಿಲ್ಲದ ವಿಷಯವಲ್ಲ. ಪ್ರತಿ ಬೇಸಿಗೆಯಲ್ಲೂ ಹಾಡಿ ಹೀಗೇ ಖಾಲಿ. ಆದರೂ ಕ್ಯಾಂಪು ಬೇಸಿಗೆಯಲ್ಲೇ ಆಗಬೇಕು. ಮೇ ಕೊನೆಗೆ ಮೇಲಿನವರಿಗೆ ಲೆಕ್ಕ ಹೋಗಬೇಕು, ದಿನಕ್ಕೆ ಐವತ್ತು ಟ್ಯೂಬು ತುಂಬಬೇಕು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಕೊಡಗಿಗೆ ಹೋಗುವವರು ಆಧಾರು, ರೇಷನ್ ಕಾರ್ಡು ಎಲ್ಲವನ್ನೂ ಹಾಡಿಯ ಹಿರಿಯ ಸಣ್ಣಯ್ಯನ ಕೈಗೆ ಕೊಟ್ಟು ಹೋಗುತ್ತಾರೆ. ಎಸ್ಟೇಟಿನವರು ಕೂಲಿಯವರಿಗೆ ಕೊಡುವ ಲೈನ್‌ಮನೆಯಲ್ಲಿ ಇಟ್ಟುಕೊಂಡರೆ ಮಳೆಗೆ ನೆನೆಯುತ್ತವೆ, ಇಲ್ಲವೇ ಎಸ್ಟೇಟಿನವರು ಕಿತ್ತಿಟ್ಟುಕೊಳ್ಳುತ್ತಾರೆ. ಸಣ್ಣಯ್ಯ ಅವನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ಸೂರಿಗೆ ಸಿಕ್ಕಿಸುತ್ತಾನೆ. ಆ ಡಬ್ಬದ ವಿಷಯ ಯತೀಶನಿಗೆ ಹೇಳಿದವಳು ನಾನೇ.

ಅವನು ಡಬ್ಬ ತರಿಸಿದ. ಕಾರ್ಡುಗಳನ್ನು ಸಾಲಾಗಿ ಜೋಡಿಸಿ ನಂಬರು ಬರೆದುಕೊಂಡ. ಆಮೇಲೆ, ಇಲ್ಲದವರ ಬದಲಿಗೆ ಇದ್ದವರೇ ಕೊಡಲಿ ಅಂದ. ಹಾಡಿಯವರಿಗೆ ಇದರಲ್ಲಿ ವಿಚಿತ್ರ ಕಾಣಲಿಲ್ಲ. ನಾವು ಬದಲಿಯ ಜನ. ಎಸ್ಟೇಟಿನಲ್ಲಿ ಅಕ್ಕನಿಗೆ ಜ್ವರ ಬಂದರೆ ಅವಳ ನಂಬರಿಗೆ ತಂಗಿ ಹೋಗುತ್ತಾಳೆ. ಹಾಜರಿ ಬರೆಯುವ ರೈಟರು ತಲೆ ಎಣಿಸುತ್ತಾನೆ, ಮುಖ ನೋಡುವುದಿಲ್ಲ. ಕೂಲಿ ಲಿಸ್ಟಿನಲ್ಲಿ ಗಂಡನ ಹೆಸರಿಗೆ ಹೆಂಡತಿ ಗುಂಡಿ ತೋಡುತ್ತಾಳೆ. ಸಣ್ಣಯ್ಯ ನಗುತ್ತಾ ತೋಳು ಚಾಚಿ, ಇಬ್ಬರು ಮಕ್ಕಳ ಪಾಲಿನದೂ ತೆಗೆದುಕೋ ಅಂದ. ಅವ್ವ ಅಪ್ಪನ ಪಾಲಿಗೆ ಕೊಟ್ಟಳು. ಅವರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಇದನ್ನು ಯಾರ ಮೇಲೂ ಹಾಕುವುದಿಲ್ಲ. ಸೈನ್ಸ್ ಓದಿದವಳು ನಾನು. ಒಬ್ಬರ ರಕ್ತದಲ್ಲಿ ಇನ್ನೊಬ್ಬರ ಕಾಯಿಲೆ ಕಾಣುವುದಿಲ್ಲ ಸಾರ್ ಅಂತ ಯತೀಶನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ಬೈಯಲಿಲ್ಲ. ಇದು ಫೈಲು ಓಪನ್ ಮಾಡುವುದಕ್ಕೆ ಅಷ್ಟೇ, ಮಳೆಗಾಲಕ್ಕೆ ಅವರು ಬಂದ ಮೇಲೆ ಇನ್ನೊಂದು ಸಲ ತೆಗೆಯುತ್ತೇವೆ ಅಂದ. ಆಮೇಲೆ ಅಕ್ಕನ ಹೆಸರಿನ ಮೇಲೆ ಬೆರಳಿಟ್ಟ.

"ಖಾಲಿ ಬಿಟ್ರೆ ಲಿಸ್ಟಿಂದ್ಲೇ ಹೆಸ್ರು ಹೋಗುತ್ತೆ ನೋಡು. ಆಮೇಲೆ ನನ್ನ ಕೇಳ್ಬೇಡ."

ಲಿಸ್ಟಿನಿಂದ ಹೆಸರು ಹೋಗುವುದು ಅಂದರೆ ಏನು ಅಂತ ಪೇಟೆಯವರಿಗೆ ಗೊತ್ತಾಗುವುದಿಲ್ಲ. ನಮ್ಮ ತಾತನ ಹೆಸರು ಒಂದು ಲಿಸ್ಟಿನಿಂದ ಹೋಯಿತು, ಕಾಡಿನೊಳಗಿನ ಮನೆ ಹೋಯಿತು. ಚಿಕ್ಕಪ್ಪನ ಹೆಸರು ಇನ್ನೊಂದು ಲಿಸ್ಟಿನಿಂದ ಹೋಯಿತು, ಜಮೀನಿನ ಹಕ್ಕುಪತ್ರ ಬರಲೇ ಇಲ್ಲ. ನಾವು ಹುಲಿಗೆ ಹೆದರುವುದಿಲ್ಲ, ಲಿಸ್ಟಿಗೆ ಹೆದರುತ್ತೇವೆ. ಅಕ್ಕನ ಹೆಸರು ಹೋಗಬಾರದು ಅಂತ ನಾನೇ ತೋಳು ಚಾಚಿದೆ. ಯತೀಶ್ ಪಟ್ಟಿ ಬಿಗಿದು, ನರ ತಟ್ಟಿ, ನಿನ್ನದು ಒಳ್ಳೆ ನರ ಕಣಮ್ಮ ಅಂದ. ಸೂಜಿ ಒಂದೇ, ಟ್ಯೂಬು ಬದಲಾಯಿಸುತ್ತಾ ಹೋದ. ಮೊದಲ ಟ್ಯೂಬಿಗೆ ಅಕ್ಕನ ಹೆಸರಿನ ಚೀಟಿ ಅಂಟಿತು. ಒಂದು ಹೆಸರಿಗೆ ಅಂತ ಚಾಚಿದ ತೋಳಿನಿಂದ ಅವನು ಆರು ಹೆಸರು ತುಂಬಿಸಿದ. ಮಾರನೆಯ ದಿನ ಪಕ್ಕದ ಹಾಡಿಯಲ್ಲಿ ನನ್ನ ಇನ್ನೊಂದು ತೋಳಿನಿಂದ ಐದು. ರಕ್ತ ಸಂಗ್ರಹಿಸಿದವರ ಸಹಿ ಅನ್ನುವ ಕಡೆ ಅವನು ಸಹಿ ಮಾಡಲಿಲ್ಲ, ನನ್ನ ಕೈಯಲ್ಲಿ ಮಾಡಿಸಿದ. ಅನುಭವ ಪತ್ರಕ್ಕೆ ಒಳ್ಳೆಯದು ಅಂದ.

ಮೇ ಮಧ್ಯದಲ್ಲಿ ಕಾರ್ಡುಗಳು ಬಂದವು. ಕೆಂಪು ಕಾರ್ಡು ಅಂದರೆ ಕಾಯಿಲೆ, ಬಿಳಿ ಅಂದರೆ ಏನೂ ಇಲ್ಲ. ನನ್ನ ಹನ್ನೊಂದೂ ಬಿಳಿ.

ಮೇ ಕೊನೆಗೆ ಅಕ್ಕ ಬಂದಳು. ಬಂದಳು ಅನ್ನುವುದು ತಪ್ಪು, ತಂದು ಹಾಕಿದರು. ಭಾವ ಜೀಪಿನಿಂದ ಅವಳನ್ನು ಎತ್ತಿ ಇಳಿಸಿ ಮಾರನೆಯ ದಿನವೇ ಹಿಂದಿರುಗಿದ. ಹೋಗದಿದ್ದರೆ ಲೈನ್‌ಮನೆ ಬೇರೆಯವರ ಪಾಲಾಗುತ್ತಿತ್ತು. ಅಕ್ಕನಿಗೆ ಇಪ್ಪತ್ತನಾಲ್ಕು ವರ್ಷ. ಮಗ್ಗುಲಾಗಲು ಇಬ್ಬರು ಹಿಡಿಯಬೇಕು. ಸೊಂಟದ ಕೀಲು ಮುಟ್ಟಿದರೆ ಪ್ರಾಣ ಹೋಗುವ ಹಾಗೆ ಕೂಗುತ್ತಿದ್ದಳು. ಕಣ್ಣು ಅರಿಶಿನದ ನೀರಿನ ಹಾಗಿತ್ತು.

ನಾನೂ ಅವ್ವನೂ ಆಟೋದಲ್ಲಿ ಮಲಗಿಸಿಕೊಂಡು ಕೋಟೆಯ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ಡಾಕ್ಟರು ಸಂಘಮಿತ್ರ, ಹೊಸಬರು. ಅಕ್ಕನ ಕಣ್ಣರೆಪ್ಪೆ ಎಳೆದು ನೋಡಿದ ಕೂಡಲೇ ಸಿಕಲ್ ಸೆಲ್ ಅನುಮಾನ ಬಂತು ಅವರಿಗೆ. ನನಗೆ ಜೀವ ಬಂದಂತಾಯಿತು. ಆಧಾರ್ ನಂಬರು ಹಾಕಿ ಕಂಪ್ಯೂಟರು ನೋಡಿದರು. ಪರೀಕ್ಷೆ ಆಗಿದೆಯಲ್ಲ, ಏನೂ ಇಲ್ಲ ಅಂತ ಬಂದಿದೆ ಅಂದರು. ಇನ್ನೊಂದು ಸಲ ಮಾಡಿ ಮೇಡಂ ಅಂದೆ. ಒಂದು ನಂಬರಿಗೆ ಒಂದೇ ಪರೀಕ್ಷೆ, ಎರಡನೆಯದಕ್ಕೆ ಕಾರಣ ಬರೆಯಬೇಕು, ಏನಂತ ಬರೆಯಲಿ ಅಂತ ಕೇಳಿದರು. ಅವರು ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಸೀಟು ಕಣ್ಣ ಮುಂದೆ ಬಂತು. ಅವರು ಕಾಮಾಲೆ ಅಂತ ಬರೆದು, ನೋವಿಗೆ ಇಂಜೆಕ್ಷನ್ ಕೊಟ್ಟು, ಬೆಡ್ಡು ಖಾಲಿಯಿಲ್ಲ, ಮೂರು ದಿನ ಬಿಟ್ಟು ಬನ್ನಿ ಅಂದರು.

ಆ ಮೂರು ದಿನ ಅಕ್ಕ ಕೂಗಿದ ಕೂಗನ್ನು ನಾನು ಬರೆಯುವುದಿಲ್ಲ. ಸೂಜಿಗೆ ಚಾಚಿದ್ದ ಅದೇ ತೋಳಿನಲ್ಲಿ ಅವಳನ್ನು ತಬ್ಬಿಕೊಂಡು ಕೂತಿದ್ದೆ. ಹೇಸಿಗೆಯಾಗುತ್ತಿತ್ತು, ನನ್ನ ಮೇಲೆ.

ಮೂರನೆಯ ದಿನ ಬೆಳಿಗ್ಗೆ ಚೆಲುವರಾಜು ಅವರ ಆಫೀಸಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬಾಗಿಲು ಮುಂದೆ ಮಾಡಿದರು. ಮೇಜಿನಿಂದ ನನ್ನ ಪತ್ರ ತೆಗೆದು ತೋರಿಸಿದರು. ಸೀಲು ಬಿದ್ದಿತ್ತು, ಸಹಿಯಾಗಿತ್ತು. ಅದರ ಪಕ್ಕದಲ್ಲಿ ರಕ್ತ ಸಂಗ್ರಹದ ಹಾಳೆ ಇಟ್ಟರು. ಅದರಲ್ಲಿದ್ದದ್ದು ನನ್ನ ಸಹಿ. ಬಾಯಿ ಬಿಟ್ಟರೆ ಯಾರ ತಲೆಗೆ ಬರುತ್ತದೆ ನೋಡು ಅಂತ ಅವರು ಬಾಯಲ್ಲಿ ಹೇಳಲೇ ಇಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿದರು ಅಷ್ಟೇ.

ಆಮೇಲೆ ದಾರಿ ತೋರಿಸಿದರು. ಅಕ್ಕನನ್ನು ಮೈಸೂರಿನ ತಮ್ಮ ಆಸ್ಪತ್ರೆಯಲ್ಲಿ ಗುಟ್ಟಾಗಿ ಸೇರಿಸಿಕೊಳ್ಳುತ್ತಾರಂತೆ. ಕಾರು ಕಳಿಸುತ್ತಾರಂತೆ. ಆದರೆ ಇವತ್ತು ಕೊನೆಯ ದಿನ, ಒಂಬತ್ತು ಟ್ಯೂಬು ಕಡಿಮೆ ಬಿದ್ದಿದೆ. ಒಳಗೆ ಯತೀಶ್ ಇದ್ದಾನೆ, ಐದು ನಿಮಿಷದ ಕೆಲಸ.

"ನಿಮ್ ಜನಕ್ಕೆ ಬದಲಿ ಏನ್ ಹೊಸ್ದಾ ರಮ್ಯಾ?"

ಕಂಡವರ ಮಕ್ಕಳನ್ನು ಬಾವಿಗೆ ದೂಡಿ ಆಳ ನೋಡುವವರು ಅನ್ನುತ್ತಾರಲ್ಲ, ಅಂಥವರು ಇಷ್ಟು ಮೆತ್ತಗೆ ಮಾತಾಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಆದರೂ ನಾನು ಒಳಗೆ ಹೋದೆ. ಸುಳ್ಳು ಹೇಳಿ ಏನು ಪ್ರಯೋಜನ, ಹೋದೆ. ಕಾರು ಬಂದು ಅಕ್ಕನನ್ನು ಕರೆದುಕೊಂಡು ಹೋಗಲಿ, ಉಳಿದದ್ದು ಹಾಳಾಗಲಿ ಅಂದುಕೊಂಡೆ. ಸ್ಟೂಲಿನ ಮೇಲೆ ಕೂತು ತೋಳು ಚಾಚಿದೆ. ಯತೀಶ್ ಪಟ್ಟಿ ಬಿಗಿದ. ಹೋದ ಸಲ ಚುಚ್ಚಿದ ಜಾಗದಲ್ಲೇ ಹತ್ತಿ ಒರೆಸಿದ. ಸ್ಪಿರಿಟ್ಟಿನ ತಂಪು ತೋಳಿಗೆ ಹತ್ತಿತು. ಮೇಜಿನ ಮೇಲೆ ಒಂಬತ್ತು ಟ್ಯೂಬುಗಳಿಗೆ ಚೀಟಿ ಅಂಟಿಸಿಟ್ಟಿದ್ದ. ಮೊದಲನೆಯದರ ಮೇಲೆ ಪುಟ್ಟತಾಯಮ್ಮ, ಹೆಣ್ಣು, ಇಪ್ಪತ್ತನಾಲ್ಕು ಅಂತಿತ್ತು.

ಯಾವ ಹಾಡಿಯವಳೋ. ಈಗ ಯಾವ ಎಸ್ಟೇಟಿನಲ್ಲಿ ಏಣಿಯ ಮೇಲೆ ನಿಂತಿದ್ದಾಳೋ. ಅವಳಿಗೂ ಚಳಿಗೆ ಕೈಕಾಲು ಸೆಳೆಯುತ್ತದೋ ಏನೋ. ಅವಳನ್ನೂ ಸೋಮಾರಿ ಅನ್ನುತ್ತಾರೋ ಏನೋ. ಅವಳೂ ಒಂದು ದಿನ ಆಟೋದಲ್ಲಿ ಮಲಗಿ ಆಸ್ಪತ್ರೆಗೆ ಬರುತ್ತಾಳೆ, ಕಂಪ್ಯೂಟರಿನಲ್ಲಿ ನನ್ನ ರಕ್ತ ಅವಳಿಗೆ ಏನೂ ಇಲ್ಲ ಅನ್ನುತ್ತದೆ. ನಮ್ಮಕ್ಕ ಉಳಿಯಲು ಇನ್ನೊಬ್ಬರ ಅಕ್ಕ ಸಾಯಬೇಕು. ಇದು ಅವರು ನನಗೆ ಕೊಟ್ಟ ಕೆಲಸ.

ಸೂಜಿ ಚರ್ಮಕ್ಕೆ ತಗುಲಿತ್ತು. ನಾನು ತೋಳು ಎಳೆದುಕೊಂಡೆ. ಚರ್ಮ ಗೀರಿ ರಕ್ತ ಮಣಿಕಟ್ಟಿನವರೆಗೆ ಹರಿಯಿತು. ಪಟ್ಟಿ ಬಿಚ್ಚಿ ಯತೀಶನ ಮೇಜಿನ ಮೇಲೆ ಎಸೆದೆ.

"ನಿನ್ ತೋಳು ಚಾಚು ಸಾರ್. ನಿಂಗೂ ಒಳ್ಳೆ ನರ ಇರ್ತದೆ."

ಅವನು ಎದ್ದು ನಿಂತ. ಆಫೀಸಿನ ಕೋಣೆಯಲ್ಲಿ ಚೆಲುವರಾಜು ನನ್ನ ಪತ್ರವನ್ನು ಇನ್ನೂ ಕೈಯಲ್ಲಿ ಹಿಡಿದಿದ್ದರು. ನಾನು ಅದನ್ನು ಕೇಳಲಿಲ್ಲ.

ಹಾಡಿಗೆ ವಾಪಸು ಬಂದೆ. ಆಸ್ಪತ್ರೆಗೆ ಹೋಗುವ ಮೊದಲು ಅಕ್ಕನಿಗೆ ಹೇಳಬೇಕಿತ್ತು. ಅವ್ವ ಆಟೋ ಕರೆಯಲು ಹೋದಾಗ ಅವಳ ಪಕ್ಕ ಕೂತು ಹೇಳಿದೆ. ನಿನ್ನ ಹೆಸರಿನಲ್ಲಿ ಇರುವುದು ನನ್ನ ರಕ್ತ, ಅದಕ್ಕೇ ಡಾಕ್ಟರು ಏನೂ ಇಲ್ಲ ಅಂದರು ಅಂದೆ. ಅಕ್ಕ ಬೈಯಲಿಲ್ಲ, ಒಂದು ಮಾತು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ಆಸ್ಪತ್ರೇಲಿ ಆ ಡಾಕ್ಟ್ರು ಕೇಳ್ದಾಗ್ಲೂ ನಿಂಗೆ ಗೊತ್ತಿತ್ತು ಅಲ್ವೇ?"

ಹೂಂ ಅಂದೆ. ಅವಳು ಮುಖ ತಿರುಗಿಸಲು ನೋಡಿದಳು. ಸೊಂಟ ಬಿಡಲಿಲ್ಲ. ಅವಳ ಮುಖವನ್ನು ನಾನೇ ಹಿಡಿದು ಆ ಕಡೆ ತಿರುಗಿಸಿದೆ.

ಡಾಕ್ಟರ್ ಸಂಘಮಿತ್ರ ಪೂರ್ತಿ ಕೇಳಿದರು. ಎರಡನೆಯ ಪರೀಕ್ಷೆಗೆ ಕಾರಣ ಸಿಕ್ಕಿತಲ್ಲ, ಬರೆದುಕೊಂಡರು. ತಾವೇ ಅಕ್ಕನ ಬೆರಳು ಚುಚ್ಚಿ ಒಂದು ಹನಿಯನ್ನು ಔಷಧಿಯ ನೀರಿಗೆ ಬಿಟ್ಟರು. ಅದರ ಹಿಂದೆ ಗೆರೆ ಎಳೆದ ಹಾಳೆ ಹಿಡಿಯುತ್ತಾರೆ. ಗೆರೆ ಕಂಡರೆ ಕಾಯಿಲೆ ಇಲ್ಲ. ಐದು ನಿಮಿಷ ಕಾದೆವು. ನೀರು ಗಂಜಿಯ ಹಾಗೆ ಕದಡಿತು. ಒಂದು ಗೆರೆಯೂ ಕಾಣಲಿಲ್ಲ. ದೊಡ್ಡ ಪರೀಕ್ಷೆಯನ್ನು ಮೈಸೂರಿನಲ್ಲಿ ಮಾಡಿಸೋಣ ಅಂತ ಅವರು ಸಂಜೆಯ ಆಂಬುಲೆನ್ಸಿನಲ್ಲೇ ಅಕ್ಕನನ್ನು ಕಳಿಸಿದರು. ಜೀವ ಉಳಿಯಿತು. ಸೊಂಟದ ಕೀಲಿಗೆ ರಕ್ತ ಹರಿಯದೆ ಮೂಳೆ ಸತ್ತಿತ್ತು. ಇನ್ನು ಅವಳು ಏಣಿ ಹತ್ತುವುದಿಲ್ಲ. ಕುಂಟದೆ ನಡೆಯುವುದೂ ಇಲ್ಲ. ಬೇಗ ತಂದಿದ್ದರೆ ಅಂತ ಅಲ್ಲಿನ ಡಾಕ್ಟರು ಮಾತು ಶುರು ಮಾಡಿದಾಗ ನಾನು ವಾರ್ಡಿನಿಂದ ಹೊರಗೆ ಹೋದೆ.

ಡಾಕ್ಟರು ಬರೆದುಕೊಂಡದ್ದು ಮೇಲಕ್ಕೆ ಹೋಗಿ, ಜೂನ್ ಮೂರನೆಯ ವಾರ ನನ್ನನ್ನು ವಿಚಾರಣೆ ಅಂತ ಕರೆದರು. ಮೈಸೂರಿನಿಂದ ಬಂದ ಅಧಿಕಾರಿ, ಪಕ್ಕದಲ್ಲಿ ಚೆಲುವರಾಜು. ಯತೀಶ್ ಇರಲಿಲ್ಲ, ಬೇರೆ ತಾಲ್ಲೂಕಿನ ಕ್ಯಾಂಪಿಗೆ ಹೋಗಿದ್ದನಂತೆ. ನನ್ನ ಹೇಳಿಕೆಯನ್ನು ಮೊದಲೇ ಟೈಪು ಮಾಡಿಸಿಟ್ಟಿದ್ದರು. ಓದಿ ಸಹಿ ಮಾಡು ಅಂದರು.

ಓದಿದೆ. ಹಾಡಿಯ ಜನರಿಗೆ ತಿಳಿವಳಿಕೆ ಕಡಿಮೆ, ಸೂಜಿ ಕಂಡು ಹೆದರಿ ಕಾಡಿಗೆ ಓಡಿಹೋದರು, ಅವರನ್ನು ಒಲಿಸಲಾರದೆ ತಾತ್ಕಾಲಿಕ ಸಹಾಯಕಿ ರಮ್ಯಶ್ರೀ ಮೇಲಿನವರ ಗಮನಕ್ಕೆ ತಾರದೆ ತನ್ನ ರಕ್ತವನ್ನೇ ಕೊಟ್ಟಳು ಅಂತ ಬರೆದಿತ್ತು. ವಯಸ್ಸು ಚಿಕ್ಕದಾದ್ದರಿಂದ ಕ್ಷಮಿಸಬಹುದು ಅಂತ ಕೊನೆಯಲ್ಲಿತ್ತು. ಇದಕ್ಕೆ ಸಹಿ ಹಾಕಿದರೆ ಸೀಟಿನ ವಿಷಯ ಮುಂದಿನ ವರ್ಷ ನೋಡೋಣ ಅಂದರು ಚೆಲುವರಾಜು.

ಓಡಿಹೋದರಂತೆ. ಸಣ್ಣಯ್ಯ ಎಪ್ಪತ್ತು ವರ್ಷದ ಒಣಗಿದ ತೋಳನ್ನು ಮೂರು ಟ್ಯೂಬಿಗೆ ಚಾಚಿದ್ದ. ಅವ್ವ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ರಕ್ತ ಕೊಟ್ಟು ಕಂಬ ಹಿಡಿದು ಕೂತಿದ್ದಳು. ಯಾರೂ ಓಡಲಿಲ್ಲ. ಆ ದಿನ ನಮ್ಮ ಹಾಡಿಯಲ್ಲಿ ರಕ್ತ ಕೊಡದೆ ಹೋದವರು ಜೀಪಿನಲ್ಲಿ ಬಂದವರು ಮಾತ್ರ.

ಹಾಳೆ ಹರಿದು ಎರಡು ಮಾಡಿದೆ. ಅಧಿಕಾರಿಯ ಮುಂದಿದ್ದ ಬಿಳಿ ಹಾಳೆ ಎಳೆದುಕೊಂಡು ಹನ್ನೊಂದು ಹೆಸರು ಬರೆದೆ. ಮೊದಲನೆಯದು ಭಾಗ್ಯಮ್ಮ. ಈ ಹನ್ನೊಂದು ಜನರ ಹೆಸರಿನಲ್ಲಿರುವುದು ನನ್ನ ರಕ್ತ, ತೆಗೆದವರು ಯತೀಶ್, ತೆಗೆಸಿದವರು ಚೆಲುವರಾಜು ಅಂತ ಬರೆದು ಸಹಿ ಮಾಡಿದೆ. ಉಳಿದ ಬದಲಿಗಳ ಹೆಸರನ್ನು ಹಾಡಿಯವರೇ ಬಂದು ಹೇಳುತ್ತಾರೆ ಅಂದೆ.

ಅಧಿಕಾರಿ ಕನ್ನಡಕ ತೆಗೆದರು. ನೀನು ಬರೆದುಕೊಟ್ಟಿರುವುದು ನಿನ್ನದೇ ತಪ್ಪೊಪ್ಪಿಗೆ, ನಿನ್ನ ಮೇಲೆ ಕೇಸಾಗುತ್ತದೆ, ಇನ್ನು ಯಾವ ಆಸ್ಪತ್ರೆಯವರೂ ನಿನ್ನನ್ನು ಬಾಗಿಲಿಗೆ ಸೇರಿಸುವುದಿಲ್ಲ, ಅರ್ಥವಾಗಿದೆಯಾ ಅಂತ ಕೇಳಿದರು.

"ಆಗ್ಯದೆ ಸಾರ್. ಮೊದ್ಲು ಆ ಹನ್ನೊಂದು ಜನ್ರ ತಾವ್ಕೆ ಸೂಜಿ ತಕೊಂಡೋಗಿ. ಆಮೇಲೆ ನನ್ ಮೇಲೆ ಕೇಸ್ ಹಾಕಿ."